ಕುರ್ಚಿ ಈಗಲೇ ಬೇಕೆ?

ಕಳೆದ ತಿಂಗಳು ಮಂಡ್ಯದ ಹೊಳಲಿಗೆ ಹೋಗಿದ್ದೆ. ಕಬ್ಬಿನ ಗದ್ದೆಯಲ್ಲಿ ಕುಕ್ಕರಗಾಲಲ್ಲಿ ಕೂತು ಕಳೆ ಕೀಳುತ್ತಿದ್ದ ಅಜ್ಜಿಯೊಬ್ಬರು ಕೈ ಊರದೆ ಎದ್ದು ನಿಂತರು. ನಮ್ಮೂರ ಮಸೀದಿ ನೆನಪಾಯಿತು. ಅಂಗಡಿಯಲ್ಲಿ ಕೂತೇ ದಿನ ಕಳೆಯುವ ನಮಗೆ ಐವತ್ತಕ್ಕೇ ಸುಜೂದಿನಿಂದ ಏಳುವುದು ಕಷ್ಟ. ಕುರ್ಚಿಗಳ ಸಾಲು ಉದ್ದವಾಗುತ್ತಿದೆ.

ವಾಕಿಂಗ್ ಮಾಡ್ತೇವಲ್ಲ ಅಂತೀರಿ. ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸು ನಡಿಗೆಯಂಥ ಚಟುವಟಿಕೆಯ ಜೊತೆಗೆ 2 ದಿನವಾದರೂ ಸ್ನಾಯು ಬಲಪಡಿಸುವ ವ್ಯಾಯಾಮ ಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅದಕ್ಕೆ ಜಿಮ್ ಬೇಕಿಲ್ಲ. ಸುಬಹಿ ಬಳಿಕ ಕುರ್ಚಿಯಿಂದ ಕೈ ಊರದೆ ಐದು ಸಲ ಎದ್ದು ಕೂರಿ. ಗೋಡೆಗೆ ಕೈಕೊಟ್ಟು ಐದು ಸಲ ತಳ್ಳಿ. ವಾರಕ್ಕೊಂದು ಹೆಚ್ಚಿಸಿ. ಮನೆಯ ಉಮ್ಮಂದಿರನ್ನೂ ಸೇರಿಸಿಕೊಳ್ಳಿ. ಮಂಡಿನೋವಿದ್ದರೆ ಮೊದಲು ವೈದ್ಯರನ್ನು ಕೇಳಿ.

ಕಾಯಿಲೆಯವರಿಗೆ ಕುರ್ಚಿ ಇರಲಿ. ಉಳಿದವರು ಕಾಲಿಗೆ ಕೆಲಸ ಕೊಡೋಣ.