ಅಗಸಿ ಕಾದವರ ಹೆಸರು



ಬೀದರದಿಂದ ಸಂತಪುರ ದಾಟಿ ಔರಾದಕ್ಕೆ ಬಸ್ಸಿನಲ್ಲಿ ಹೋಗುವಾಗ ಊರ ಮುಂದಿನ ಕಮಾನುಗಳನ್ನು ಸುಮ್ಮನೆ ನೋಡಬೇಡಿ, ಓದಿರಿ. ಮೇಲೆ ಯಾರ ಹೆಸರು, ಪಕ್ಕದಲ್ಲಿ ರೊಕ್ಕ ಕೊಟ್ಟವರ ಹೆಸರು ಯಾವ್ಯಾವು, ನಮ್ಮ ಕೇರಿ ಅದರ ಒಳಗೋ ಹೊರಗೋ. ಇಷ್ಟು ತಿಳಿದರೆ ಆ ಊರಿನ ಚರಿತ್ರೆ ಅರ್ಧ ಓದಿದಂಗ.

ಸಿಮೆಂಟಿನ ಕಮಾನು ಬರುವ ಮೊದಲು ಅಗಸಿ ಇತ್ತು. ಗಡಿಯ ಮರಾಠಿಯಲ್ಲಿ ಅದಕ್ಕೆ ವೇಸ ಅಂತಾರೆ. ವೇಸ ಕಾಯುವವನು ವೇಸ್ಕರ. ವೇಸ್ಕರ ಅಂದರೆ ಮಹಾರ. ಹೊತ್ತು ಮುಳುಗಿದ ಮೇಲೆ ಬಾಗಿಲು ಹಾಕಬೇಕು, ಬಂದವನ ಗುರುತು ಕೇಳಬೇಕು, ದರೋಡೆಕೋರ ಬಂದರೆ ಮೊದಲ ಏಟು ತಿನ್ನಬೇಕು. ಕೂಲಿ ಏನು? ಸುಗ್ಗಿಯಲ್ಲಿ ಒಂದಿಷ್ಟು ಕಾಳು, ಮನೆಮನೆ ತಿರುಗಿ ಬೇಡಿ ತಂದ ರೊಟ್ಟಿ. ಬಾಗಿಲು ಕಾಯುವವನ ಮನಿ ಮಾತ್ರ ಬಾಗಿಲ ಹೊರಗ! ಅಂವನ ಹೆಂಡತಿ ಮಕ್ಕಳನ್ನ ಯಾರು ಕಾದರು ಅಂತ ಯಾವ ಪಟೇಲನೂ ಕೇಳಲಿಲ್ಲ. ಕರ್ನಾಟಕದಲ್ಲಿ ಇಂಥ ವಂಶಪಾರಂಪರ್ಯ ಚಾಕರಿಗಳನ್ನು ರದ್ದು ಮಾಡುವ ಕಾಯ್ದೆ ಬಂದದ್ದು 1961ರಲ್ಲಿ. ಕಾಯ್ದೆ ಬಂದ ಮೇಲೂ ಡಂಗುರದ ಹಲಗಿ ಯಾರ ಕೊರಳಾಗ ಇತ್ತು ಅನ್ನೋದು ನಿಮ್ಮ ಅಜ್ಜಂದಿರಿಗೆ ಗೊತ್ತು.

ಕಾದವರಿಗೆ, ಕಾದಿ ಸತ್ತವರಿಗೆ ಕಲ್ಲಿನಲ್ಲಿ ಜಾಗ ಸಿಕ್ಕಿದ್ದು ಎಲ್ಲಿ? ಭೀಮಾ ಕೋರೆಗಾಂವದಲ್ಲಿ. 1818ರ ಜನವರಿ 1ರಂದು ಪೇಶ್ವೆಯ ಸೈನ್ಯದ ಎದುರು ನಿಂತ ಕಂಪನಿ ಪಡೆಯಲ್ಲಿ ಸತ್ತವರ 49 ಹೆಸರು ಆ ಕಂಬದ ಮೇಲಿವೆ. ಅದರಲ್ಲಿ 22 ಹೆಸರು 'ನಾಕ' ಎಂದು ಮುಗಿಯುತ್ತವೆ, ಮಹಾರರ ಹೆಸರು. 1927ರ ಜನವರಿ 1ರಂದು ಬಾಬಾಸಾಹೇಬರು ಅಲ್ಲಿಗೆ ಹೋದರು. ಇಂಗ್ಲಿಷರ ಚಾಕರಿ ಮಾಡಿದವರಿಗೆ ಎಂಥ ಗೌರವ ಅಂತ ಕೇಳುವವರು ಇದ್ದಾರೆ. ಪೇಶ್ವೆಯ ರಾಜ್ಯ ನಮ್ಮದಾಗಿತ್ತೇನು? ಇಂಗ್ಲಿಷರೇನು ದೇವರಲ್ಲ. ಯಾರ ರಕ್ತದಿಂದ ಗೆದ್ದರೋ ಅದೇ ಮಹಾರರನ್ನು 1890ರ ದಶಕದಲ್ಲಿ ಸೈನ್ಯಕ್ಕೆ ಬ್ಯಾಡ ಅಂದರು. ಮಹಾರ ರೆಜಿಮೆಂಟು ಆದದ್ದು 1941ರಲ್ಲಿ, ಮತ್ತೊಂದು ಮಹಾಯುದ್ಧಕ್ಕೆ ಆಳು ಬೇಕಾದಾಗ. ಆದರೂ ಆ ಕಂಬದ ಮೇಲೆ ಹೆಸರು ಉಳಿದಾವ. ಆ ಹೆಸರಿಗಾಗಿಯೇ ನಾವು ಹೋಗುವುದು.

ಈಗ ನಮ್ಮ ಜಿಲ್ಲೆಗೆ ಬನ್ನಿ. ಬಸವಕಲ್ಯಾಣದ ಕಡೆಯ ಗೋರಟಾದಲ್ಲಿ 1948ರ ಮೇ ತಿಂಗಳಲ್ಲಿ ರಜಾಕಾರರು ಊರಿಗೆ ನುಗ್ಗಿ ಜನರನ್ನು ಕೊಂದರು. ಅಲ್ಲಿ ಹುತಾತ್ಮರ ಸ್ಮಾರಕ ಎದ್ದಿದೆ. 2023ರ ಮಾರ್ಚ್ 26ರಂದು ಕೇಂದ್ರ ಗೃಹಮಂತ್ರಿ ಅಮಿತ್ ಶಾ ಬಂದು ಉದ್ಘಾಟಿಸಿ 103 ಅಡಿ ಎತ್ತರದ ಧ್ವಜ ಹಾರಿಸಿದರು. ಸತ್ತವರಿಗೆ ನಮ್ಮ ತಲೆಯೂ ಬಾಗುತ್ತದೆ, ಅದರಲ್ಲಿ ಎರಡು ಮಾತಿಲ್ಲ.

ಆದರೆ ಅದೇ ವರ್ಷ ಸೆಪ್ಟೆಂಬರದಲ್ಲಿ ಪೋಲೀಸ್ ಆಕ್ಷನ್ ಆಯಿತು. ಆಮೇಲೆ ಏನಾಯಿತು ಅಂತ ನೋಡಲು ದಿಲ್ಲಿ ಸರ್ಕಾರವೇ ಪಂಡಿತ ಸುಂದರಲಾಲ್ ಸಮಿತಿಯನ್ನು ಕಳಿಸಿತು. ಅತಿ ಹೆಚ್ಚು ಹಾನಿಯಾದ ನಾಲ್ಕು ಜಿಲ್ಲೆಗಳು ಅಂತ ಆ ವರದಿ ಹೇಳಿದ್ದು ಉಸ್ಮಾನಾಬಾದ್, ಗುಲ್ಬರ್ಗಾ, ಬೀದರ, ನಾಂದೇಡ. ಸತ್ತವರು ಹೆಚ್ಚಾಗಿ ಬಡ ಮುಸಲ್ಮಾನರು. ವರದಿಯನ್ನು ದಶಕಗಟ್ಟಲೆ ಮುಚ್ಚಿಟ್ಟರು. ಅವರ ಹೆಸರಿನ ಕಮಾನು ಈ ದಾರಿಯಲ್ಲಿ ನಮ್ಮ ಕಣ್ಣಿಗೆ ಬಿದ್ದಿಲ್ಲ.

ಆ ವರ್ಷ ನಮ್ಮ ಕೇರಿ ಯಾವ ಕಡೆ ಇತ್ತು? ಇದು ಒಗಟಿನ ಮಾತು, ಮುಚ್ಚಿಡಬಾರದು. 1947ರ ನವೆಂಬರದಲ್ಲಿ ಬಾಬಾಸಾಹೇಬರು ನಿಜಾಮನ ಬೆನ್ನಿಗೆ ನಿಲ್ಲಬೇಡಿ ಎಂದು ಹೈದರಾಬಾದಿನ ನಮ್ಮ ಜನಕ್ಕೆ ಹೇಳಿದ್ದರು. 1948ರಲ್ಲಿ ನಿಜಾಮನ ಪರ ವಿಶ್ವಸಂಸ್ಥೆಗೆ ಹೋದ ನಿಯೋಗದಲ್ಲಿ ಬಿ. ಶ್ಯಾಮಸುಂದರ್ ಇದ್ದರು. ಅದೇ ಶ್ಯಾಮಸುಂದರ್ 1968ರಲ್ಲಿ ಗುಲ್ಬರ್ಗಾದಲ್ಲಿ ಭೀಮಸೇನೆ ಕಟ್ಟಿದರು. ಮೇಲಿನವರು ನಿಜಾಮನೋ ಹಿಂದುಸ್ತಾನವೋ ಅಂತ ಕಾದಾಡುವಾಗ ಕೇರಿಯವನ ಎದುರು ಇದ್ದದ್ದು ದೇಶಮುಖನ ಬಿಟ್ಟಿ ಚಾಕರಿ. ಅಂವನ ಕತಿ ಯಾವ ಧ್ವಜದ ಕೆಳಗೂ ಸರಿಯಾಗಿ ಕೂಡ್ರುವುದಿಲ್ಲ. ಅದಕ್ಕೇ ಇರಬೇಕು, ಭಾಷಣದಾಗ ಅದು ಬರೋದಿಲ್ಲ.

ಕಮಾನು ಬರೇ ಕಲ್ಲಲ್ಲ ಅನ್ನೋದು ಮೇಲಿನವರಿಗೆ ನಮಗಿಂತ ಚೆನ್ನಾಗಿ ಗೊತ್ತು. 2023ರ ಜೂನ್ ತಿಂಗಳಲ್ಲಿ ಸಾಂಗ್ಲಿ ಜಿಲ್ಲೆ ಮಿರಜ ತಾಲೂಕಿನ ಬೇಡಗದಲ್ಲಿ ಕಟ್ಟುತ್ತಿದ್ದ ಅಂಬೇಡ್ಕರ್ ಕಮಾನನ್ನು ಅಕ್ರಮ ಅಂತ ಕೆಡವಿದರು. ದಲಿತ ಕುಟುಂಬಗಳು ಮನೆಗೆ ಬೀಗ ಹಾಕಿ, ಮುದುಕರು ಮಕ್ಕಳನ್ನು ಕಟ್ಟಿಕೊಂಡು ಮುಂಬಯಿಗೆ ನಡೆದವು. ನೂರಾರು ವರ್ಷ ಅಗಸಿ ಕಾದವರ ಮೊಮ್ಮಕ್ಕಳು ತಮ್ಮದೊಂದು ಕಮಾನು ಕೇಳಿದರೆ ಊರೇ ಬಿಡಬೇಕಾಯಿತು.

ಅದಕ್ಕೇ ಕಲ್ಲಿಗೆ ಮೊದಲು ಕಾಗದ. ರಜೆಗೆ ಊರಿಗೆ ಹೋದಾಗ ಮುದುಕಿಯರ ಹತ್ತಿರ ಕೂಡ್ರಿ. ಅಗಸಿ ಕಾದವರು ಯಾರು, ಪಲ್ಟಣಿಗೆ ಹೋಗಿ ತಿರುಗಿ ಬಾರದವರು ಯಾರು, 1948ರಲ್ಲಿ ಯಾರನ್ನು ಯಾರು ಹಗೇವಿನಲ್ಲಿ ಮುಚ್ಚಿಟ್ಟು ಉಳಿಸಿದರು, ಯಾರು ಉಳಿಯಲಿಲ್ಲ, ಕೇಳಿ ಬರೆಯಿರಿ. ಮುಸಲ್ಮಾನರ ಓಣಿಗೂ ಹೋಗಿರಿ. ಹೆಸರು, ಊರು, ಹೇಳಿದವರ ವಯಸ್ಸು, ಇಷ್ಟು ಸಾಕು. ಕವಿತೆ ಬ್ಯಾಡ, ಕವಿತೆ ನಮ್ಮ ಹತ್ತಿರ ಬೇಕಾದಷ್ಟಿದೆ. ಬರುವ ಸಂಚಿಕೆಯ ಕೊನೆಯ ಎರಡು ಪುಟ ಆ ಹೆಸರುಗಳಿಗೆ ಬಿಟ್ಟಿದ್ದೇವೆ. ಮುಂದಿನ ಸಭೆಗೆ ಬರುವಾಗ ತನ್ನಿ.