ಗೇಟಿನ ಮುಂದೆ ನಿಂತವರ ಸಮಯಕ್ಕೆ ಲೆಕ್ಕವೆಲ್ಲಿ?

ಹಳಿಯೂ ರಸ್ತೆಯೂ ಒಂದೇ ಮಟ್ಟದಲ್ಲಿ ಒಂದನ್ನೊಂದು ಹಾಯುವ ಜಾಗವನ್ನು ರೈಲ್ವೆ ಇಲಾಖೆ ಲೆವೆಲ್ ಕ್ರಾಸಿಂಗ್ ಎಂದು ಗುರುತಿಸುತ್ತದೆ. ವಿಜಯಪುರದವರಿಗೆ ಅದು ಬರೀ ಗೇಟು. ಈ ಗೇಟುಗಳನ್ನು ತೆಗೆದು ಮೇಲ್ಸೇತುವೆಯನ್ನೋ ಕೆಳಸೇತುವೆಯನ್ನೋ ಕಟ್ಟಬೇಕು, ಅದು ಯಾರ ಹಣದಲ್ಲಿ ಆಗಬೇಕು ಎಂಬ ಜಗಳ ಇಬ್ರಾಹಿಂಪುರ ಗೇಟು, ವಜ್ರ ಹನುಮಾನ ಗೇಟು ಎಂಬ ಹೆಸರುಗಳನ್ನು ಹೊತ್ತು ಈ ನಗರದ ರಾಜಕಾರಣದಲ್ಲಿ ವರ್ಷಗಟ್ಟಲೆ ಓಡಾಡಿದೆ. ಮನವಿಪತ್ರ ಕೊಡುವವರೂ ಭೂಮಿಪೂಜೆ ಮಾಡುವವರೂ ವಿಳಂಬಕ್ಕೆ ಪರಸ್ಪರ ಬೈದುಕೊಳ್ಳುವವರೂ ಒಂದು ಸಂಗತಿಯನ್ನು ಮಾತ್ರ ಪ್ರಶ್ನಿಸದೆ ಒಪ್ಪಿಕೊಂಡು ಬಂದಿದ್ದಾರೆ: ಯಾವ ಗೇಟಿಗೆ ಸೇತುವೆ ಬೇಕು, ಯಾವುದಕ್ಕೆ ಬೇಡ ಎಂದು ತೀರ್ಮಾನಿಸುವ ಅಳತೆಗೋಲು. ಆ ಅಳತೆಗೋಲೇ ಸಣ್ಣ ಊರುಗಳ ವಿರುದ್ಧ ವಾಲಿದೆ ಎಂಬುದು ಈ ಲೇಖನದ ವಾದ.

ಅದರ ಹೆಸರು ಟಿವಿಯು, ಅಂದರೆ ಟ್ರೇನ್ ವೆಹಿಕಲ್ ಯೂನಿಟ್. ದಿನದ 24 ಗಂಟೆಗಳಲ್ಲಿ ಗೇಟನ್ನು ಹಾಯುವ ರೈಲುಗಳ ಸಂಖ್ಯೆಯನ್ನು ಅದೇ ಅವಧಿಯಲ್ಲಿ ಹಾಯುವ ವಾಹನಗಳ ಸಂಖ್ಯೆಯಿಂದ ಗುಣಿಸಿದರೆ ಬರುವ ಗುಣಲಬ್ಧ ಇದು. ಈ ಗುಣಲಬ್ಧ 1 ಲಕ್ಷ ಮುಟ್ಟಿದ ಗೇಟಿನಲ್ಲಿ ರೈಲ್ವೆ ಮತ್ತು ರಾಜ್ಯ ಸರ್ಕಾರ ಅರ್ಧರ್ಧ ವೆಚ್ಚ ಹಾಕಿ ಸೇತುವೆ ಕಟ್ಟುವುದು ಬಹುಕಾಲ ನಡೆದುಬಂದ ಪದ್ಧತಿ. ಎಣಿಕೆಯ ಒಳಗೆ ಇಣುಕಿದರೆ ಸೋಜಿಗವಾಗುತ್ತದೆ. ಲಾರಿ, ಬಸ್ಸು, ಕಾರು, ಚಕ್ಕಡಿ ತಲಾ ಒಂದು ಯೂನಿಟ್; ಆಟೊ ಅರ್ಧ; ಮೋಟರ್ ಸೈಕಲ್ ಕಾಲು; ನಡೆದು ಹೋಗುವವರಿಗೆ ಯೂನಿಟ್ಟೇ ಇಲ್ಲ. ದಿನಕ್ಕೆ 40 ರೈಲು ಓಡುವ ಗೇಟಿನಲ್ಲಿ 2,500 ಕಾರು ಹಾಯ್ದರೆ 1 ಲಕ್ಷ ತುಂಬುತ್ತದೆ. ಬೈಕುಗಳೇ ಹಾಯುವುದಾದರೆ 10,000 ಬೇಕು. ಕೂಲಿಗೆ, ಶಾಲೆಗೆ, ಸಂತೆಗೆ ಹೋಗುವವರು ಬಹುಪಾಲು ಬೈಕಿನಲ್ಲೋ ಕಾಲ್ನಡಿಗೆಯಲ್ಲೋ ಸಾಗುವ ಊರುಗಳಲ್ಲಿ ಈ ಲೆಕ್ಕದ ಕಟ್ಟೆ ಏರುವುದು ಎಷ್ಟು ಕಷ್ಟವೆಂದು ವಿವರಿಸಬೇಕಾಗಿಲ್ಲ. ನಡೆದು ಬಂದ ವಿದ್ಯಾರ್ಥಿನಿಯೊಬ್ಬಳು ಪರೀಕ್ಷೆಯ ದಿನ ಗೇಟಿನ ಮುಂದೆ ಅರ್ಧ ತಾಸು ನಿಂತರೂ ಸರ್ಕಾರದ ಕಾಗದದಲ್ಲಿ ಆಕೆಯ ಬೆಲೆ ಸೊನ್ನೆ.

ಇನ್ನೂ ದೊಡ್ಡ ದೋಷ ರೈಲಿನ ಕಡೆಯ ಎಣಿಕೆಯಲ್ಲಿದೆ. ಕೆಲವೇ ಬೋಗಿಗಳ ಪ್ಯಾಸೆಂಜರ್ ಗಾಡಿಯೂ ಒಂದು ಯೂನಿಟ್, 58 ವ್ಯಾಗನ್ನುಗಳ ಕಲ್ಲಿದ್ದಲು ಗಾಡಿಯೂ ಒಂದೇ ಯೂನಿಟ್. ಮೊದಲನೆಯದು ಕಣ್ಣು ಮಿಟುಕಿಸುವಷ್ಟರಲ್ಲಿ ಹಾಯ್ದು ಹೋಗುತ್ತದೆ. ಎರಡನೆಯದು ಅರ್ಧ ಕಿಲೋಮೀಟರಿಗೂ ಉದ್ದವಾಗಿದ್ದು, ಮುಂದಿನ ಸಿಗ್ನಲ್ ಸಿಗದೆ ನಿಂತಿತೆಂದರೆ ಹಳಿಯ ಈಚೆಗೂ ಆಚೆಗೂ ಇರುವ ಊರನ್ನೇ ಎರಡಾಗಿ ಸೀಳಿಬಿಡುತ್ತದೆ. ಟಿವಿಯು ಹಾಯ್ದವರನ್ನು ಎಣಿಸುತ್ತದೆ, ಕಾದ ನಿಮಿಷಗಳನ್ನು ಎಣಿಸುವುದಿಲ್ಲ. ಗೇಟಿಗೆ ಬೇಸತ್ತ ಜನ ಸುತ್ತು ದಾರಿ ಹಿಡಿದರೆ ಆ ಗೇಟಿನ ವಾಹನ ಸಂಖ್ಯೆ ಇಳಿಯುತ್ತದೆ, ಸಂಖ್ಯೆ ಇಳಿದರೆ ಸೇತುವೆಯ ಅರ್ಹತೆಯೂ ಇಳಿಯುತ್ತದೆ. ಅಂದರೆ ತೊಂದರೆ ಹೆಚ್ಚಿದಂತೆಲ್ಲ ಲೆಕ್ಕದಲ್ಲಿ ಅದು ಕಡಿಮೆಯಾಗಿ ಕಾಣುತ್ತದೆ. ಕಬ್ಬು ಕಟಾವಿನ ತಿಂಗಳುಗಳನ್ನು ಬಿಟ್ಟು ಬೇಸಿಗೆಯಲ್ಲಿ ಎಣಿಕೆ ನಡೆದರಂತೂ ಎರಡೆರಡು ಟ್ರೇಲರ್ ಜಗ್ಗುವ ಟ್ರ್ಯಾಕ್ಟರುಗಳ ಸಾಲು ಆ ಲೆಕ್ಕಕ್ಕೆ ಬರುವುದೇ ಇಲ್ಲ.

ವಿಜಯಪುರದಲ್ಲಿ ಈ ದೋಷ ತಾತ್ವಿಕ ಮಾತಾಗಿ ಉಳಿದಿಲ್ಲ. ಹೋಟಗಿ–ಗದಗ ಮಾರ್ಗ 1880ರ ದಶಕದಲ್ಲಿ ಮೀಟರ್ ಗೇಜಿನಲ್ಲಿ ಹುಟ್ಟಿತು. ಗೋಳಗುಮ್ಮಟದ ಪೂರ್ವಕ್ಕೆ ಹಾಯ್ದ ಆ ಹಳಿ ಬಹುಕಾಲ ಊರಿನ ಅಂಚಿನಲ್ಲಿತ್ತು, ದಿನಕ್ಕೆ ಕೆಲವೇ ಗಾಡಿಗಳು ಓಡುತ್ತಿದ್ದವು. ಮುಂದೆ ನಗರ ಹಳಿಯನ್ನು ದಾಟಿ ಬೆಳೆಯಿತು, 2008ರ ಹೊತ್ತಿಗೆ ಮಾರ್ಗ ಬ್ರಾಡ್ ಗೇಜ್ ಆಯಿತು, ಬಸವನ ಬಾಗೇವಾಡಿ ಸೀಮೆಯ ಕೂಡಗಿಯಲ್ಲಿ ಎನ್‌ಟಿಪಿಸಿಯ 2,400 ಮೆಗಾವಾಟ್ ಸಾಮರ್ಥ್ಯದ ಉಷ್ಣ ವಿದ್ಯುತ್ ಸ್ಥಾವರ ಎದ್ದಿತು. ಹೋಟಗಿ ಕಡೆಯಿಂದ ಬರುವ ಕಲ್ಲಿದ್ದಲು ಗಾಡಿ ವಿಜಯಪುರವನ್ನು ಹಾಯದೆ ಕೂಡಗಿ ಮುಟ್ಟಲಾರದು. ಈ ಸಾಗಣೆಯನ್ನೂ ಲೆಕ್ಕದಲ್ಲಿಟ್ಟು ಹೋಟಗಿಯಿಂದ ಗದಗದವರೆಗಿನ 284 ಕಿ.ಮೀ. ಜೋಡಿಮಾರ್ಗದ ಯೋಜನೆ ರೂಪುಗೊಂಡಿತು, ಅದಕ್ಕೆ ಎನ್‌ಟಿಪಿಸಿಯ ಹಣವೂ ಸೇರಿತು. ಕಲ್ಲಿದ್ದಲು ತಡೆಯಿಲ್ಲದೆ ಸಾಗಬೇಕೆಂದಾಗ ಹಣ ಹೊಂದಿಸುವ ದಾರಿ ಸಿಕ್ಕಿತು. ಆ ಕಲ್ಲಿದ್ದಲು ಸಾಗುವಾಗ ತಡೆದು ನಿಲ್ಲಿಸಲ್ಪಡುವ ಜನರ ಸೇತುವೆಯ ಮಾತು ಬಂದಾಗ ಮಾತ್ರ ಯೂನಿಟ್ಟುಗಳ ಎಣಿಕೆ, ಭೂಸ್ವಾಧೀನದ ತಕರಾರು, ಅರ್ಧ ನೀವು ಕೊಡಿ ಅರ್ಧ ನಾವು ಕೊಡುತ್ತೇವೆ ಎಂಬ ಪತ್ರ ವ್ಯವಹಾರ.

ಜೋಡಿ ಹಳಿಯಿಂದ ಗಾಡಿಗಳು ಎದುರು ಗಾಡಿಗಾಗಿ ಕಾಯುವುದು ತಪ್ಪುತ್ತದೆ ಎಂಬುದು ನಿಜ, ಆದರೆ ರಸ್ತೆಯಲ್ಲಿ ನಿಂತವರಿಗೆ ಅದರ ಫಲ ಬೇರೆ. ಇಂದಿನ ಗೇಟುಗಳು ಬಹುಮಟ್ಟಿಗೆ ಸಿಗ್ನಲ್ಲಿನೊಂದಿಗೆ ಹೆಣೆದಿರುತ್ತವೆ. ಇದಕ್ಕೆ ಇಂಟರ್‌ಲಾಕಿಂಗ್ ಎನ್ನುತ್ತಾರೆ. ಗೇಟು ಮುಚ್ಚಿ ಬೀಗ ಬೀಳುವವರೆಗೆ ರೈಲಿಗೆ ಹಸಿರು ಸಿಗ್ನಲ್ ಕೊಡಲು ಬರುವುದಿಲ್ಲ, ಒಮ್ಮೆ ಕೊಟ್ಟ ಮೇಲೆ ರೈಲು ಹಾಯುವವರೆಗೆ ಗೇಟು ತೆರೆಯಲು ಬರುವುದಿಲ್ಲ. ಒಂದು ಗಾಡಿ ದಕ್ಷಿಣಕ್ಕೆ ಹೋದ ಬೆನ್ನಿಗೇ ಇನ್ನೊಂದು ಉತ್ತರಕ್ಕೆ ಬರುತ್ತಿದ್ದರೆ ಎರಡೂ ಹಾಯುವವರೆಗೆ ಗೇಟು ಮುಚ್ಚಿಯೇ ಇರುತ್ತದೆ. ‘ಗೇಟ್ ಬಿದ್ದೈತಿ’ ಎಂದು ಫೋನಿನಲ್ಲಿ ಹೇಳಿ ಎಂಜಿನ್ ಆರಿಸುವ ಆಟೊದವರು, ಅಡ್ಡಗೋಲಿನ ಕೆಳಗೆ ಬೈಕು ಬಾಗಿಸಿ ನುಸುಳುವ ಹುಡುಗರು, ತಲೆಯ ಮೇಲೆ ಬುಟ್ಟಿ ಹೊತ್ತೇ ಹಳಿ ದಾಟುವ ಹೆಣ್ಣುಮಕ್ಕಳು, ಹಿಂದೆ ಸರಿಯಲೂ ಜಾಗವಿಲ್ಲದೆ ಸೈರನ್ ಕೂಗಿಸುತ್ತ ನಿಂತ ಆಂಬುಲೆನ್ಸ್: ಇವೆಲ್ಲ ಗೇಟುಮನ್ನನ ತಪ್ಪಿನಿಂದ ಆಗುವುದಲ್ಲ. ಅವನೊಡನೆ ಜಗಳಕ್ಕೆ ಇಳಿಯುವುದು ಅನ್ಯಾಯವೂ ಹೌದು, ಅವಿವೇಕವೂ ಹೌದು. ಬೀಗ ತೆರೆಯುವ ಅಧಿಕಾರ ಆ ಹೊತ್ತಿನಲ್ಲಿ ಅವನ ಕೈಯಲ್ಲಿ ಇರುವುದೇ ಇಲ್ಲ.

ಕಾನೂನು ಯಾರ ಪರ ನಿಂತಿದೆ? 1989ರ ರೈಲ್ವೆ ಕಾಯಿದೆಯ 160ನೇ ಕಲಮಿನ ಪ್ರಕಾರ ಮುಚ್ಚಿದ ಗೇಟನ್ನು ಅಧಿಕಾರವಿಲ್ಲದೆ ತೆರೆದವರಿಗೆ 3 ವರ್ಷದವರೆಗೆ, ಮುರಿದವರಿಗೆ 5 ವರ್ಷದವರೆಗೆ ಸೆರೆ. ಸುರಕ್ಷತೆಯ ದೃಷ್ಟಿಯಿಂದ ಇದು ಸರಿಯೇ. ಆದರೆ ರೈಲ್ವೆ ಒಂದು ಗೇಟನ್ನು ಗರಿಷ್ಠ ಎಷ್ಟು ನಿಮಿಷ ಮುಚ್ಚಿಡಬಹುದು ಎಂಬ ಮಿತಿಯನ್ನು ಅದೇ ಕಾಯಿದೆ ಹೇಳುವುದಿಲ್ಲ. ಸಂವಿಧಾನದ ಏಳನೇ ಅನುಸೂಚಿಯಲ್ಲಿ ರೈಲ್ವೆ ಕೇಂದ್ರದ ಪಟ್ಟಿಗೆ, ರಸ್ತೆ ಮತ್ತು ಸೇತುವೆ ರಾಜ್ಯದ ಪಟ್ಟಿಗೆ ಸೇರಿವೆ. ಗೇಟು ಎಂಬುದು ಈ ಎರಡು ಪಟ್ಟಿಗಳು ಒಂದನ್ನೊಂದು ಹಾಯುವ ಜಾಗವಾದ್ದರಿಂದ ಇಬ್ಬರೂ ಇನ್ನೊಬ್ಬರತ್ತ ಬೆರಳು ತೋರಿಸಲು ಅನುಕೂಲ. ಅಮೆರಿಕದಲ್ಲೂ ಇದೇ ಕಥೆ. ಗೂಡ್ಸ್ ಗಾಡಿ 5 ನಿಮಿಷಕ್ಕಿಂತ ಹೆಚ್ಚು ಹೊತ್ತು ರಸ್ತೆ ತಡೆದರೆ ದಂಡ ಹಾಕುವ ಕಾನೂನನ್ನು ಒಹಾಯೊ ರಾಜ್ಯ ಮಾಡಿಕೊಂಡಿತ್ತು. ರೈಲ್ವೆ ಸಂಚಾರ ಕೇಂದ್ರದ ಅಧಿಕಾರಕ್ಕೆ ಸೇರಿದ್ದೆಂಬ ಕಾರಣಕ್ಕೆ 2022ರಲ್ಲಿ ಅಲ್ಲಿನ ರಾಜ್ಯ ಸುಪ್ರೀಂ ಕೋರ್ಟು ಅದನ್ನು ನಿಲ್ಲಗೊಡಲಿಲ್ಲ, 2024ರ ಜನವರಿಯಲ್ಲಿ ಆ ದೇಶದ ಸುಪ್ರೀಂ ಕೋರ್ಟು ಮೇಲ್ಮನವಿಯನ್ನು ಕೈಗೆತ್ತಿಕೊಳ್ಳಲೂ ಒಪ್ಪಲಿಲ್ಲ.

ರೈಲ್ವೆಯ ಪರ ಹೇಳಬೇಕಾದದ್ದೂ ಇದೆ. ಕಾವಲಿಲ್ಲದ ಗೇಟುಗಳಲ್ಲಿ ಶಾಲಾ ವಾಹನಗಳೂ ಟ್ರ್ಯಾಕ್ಟರುಗಳೂ ರೈಲಿಗೆ ಸಿಕ್ಕ ದುರಂತಗಳನ್ನು ಈ ದೇಶ ಸಾಕಷ್ಟು ಕಂಡಿದೆ. ಬ್ರಾಡ್ ಗೇಜ್ ಮಾರ್ಗಗಳಲ್ಲಿ ಅಂಥ ಗೇಟುಗಳನ್ನೆಲ್ಲ 2019ರ ಜನವರಿಯ ಹೊತ್ತಿಗೆ ಇಲ್ಲವಾಗಿಸಿದ್ದು ಸಣ್ಣ ಸಾಧನೆಯಲ್ಲ. ಆದರೆ ಆ ಕೆಲಸ ಆದದ್ದು ಕೆಲವೇ ವರ್ಷಗಳ ಗಡುವಿನಲ್ಲಿ. ಇಲಾಖೆ ಮನಸ್ಸು ಮಾಡಿದರೆ ಯೂನಿಟ್ಟಿನ ಲೆಕ್ಕವನ್ನು ಬದಿಗಿಟ್ಟು ಕೆಲಸ ಮಾಡಬಲ್ಲದು ಎಂಬುದಕ್ಕೆ ಅದೇ ಸಾಕ್ಷಿ.

ತಿಕೋಟಾ ಮತ್ತು ಬಬಲೇಶ್ವರದವರಿಗೆ ಇದು ಪರರ ಊರಿನ ಜಗಳದಂತೆ ಕಾಣಬಹುದು. ಎರಡೂ ಹೊಸ ತಾಲ್ಲೂಕುಗಳು ನಗರದ ಪಶ್ಚಿಮಕ್ಕಿವೆ, ಎರಡು ಪಟ್ಟಣಗಳಲ್ಲೂ ಹಳಿಯಿಲ್ಲ. ತಿಕೋಟಾದ ಒಣದ್ರಾಕ್ಷಿ ತಾಸಗಾಂವಿಗೆ ಹೋಗಲು ವಿಜಯಪುರದ ಗೇಟು ದಾಟಬೇಕಿಲ್ಲ. ಆದರೆ ಶೇಡಬಾಳದಿಂದ ಅಥಣಿಯ ಮೇಲೆ ವಿಜಯಪುರಕ್ಕೆ ರೈಲು ಬರಬೇಕೆಂಬ ಬೇಡಿಕೆ ಹಳೆಯದು, ಆ ಮಾರ್ಗ ಬಂದ ದಿನ ತಿಕೋಟಾ ಸೀಮೆಯ ಹೊಲಗಳ ನಡುವೆಯೇ ಹಾಯಬೇಕು. ಇಲ್ಲಿ ರೈಲ್ವೆ ಕಾಯಿದೆಯ 16 ಮತ್ತು 17ನೇ ಕಲಮುಗಳನ್ನು ಓದಿಕೊಳ್ಳುವುದು ಒಳ್ಳೆಯದು. ಹಳಿಯಿಂದ ಜಮೀನಿನ ಬಳಕೆಗೆ ಅಡ್ಡಿಯಾದರೆ ದಾಟುದಾರಿ, ಸೇತುವೆ, ಮೋರಿ ಮುಂತಾದವನ್ನು ರೈಲ್ವೆಯೇ ಮಾಡಿಕೊಡಬೇಕು. ಇವಕ್ಕೆ ಅನುಕೂಲ ಕಾಮಗಾರಿಗಳು ಎನ್ನಬಹುದು. ಆದರೆ ಮಾರ್ಗ ಸಂಚಾರಕ್ಕೆ ತೆರೆದು 10 ವರ್ಷ ಕಳೆದ ಮೇಲೆ ಇನ್ನಷ್ಟು ಕಾಮಗಾರಿಯ ಖರ್ಚನ್ನು ರೈಲ್ವೆಯ ಮೇಲೆ ಹೊರಿಸಲು ಬರುವುದಿಲ್ಲ. ಬೇಕಾದವರು, ಅದು ರಾಜ್ಯ ಸರ್ಕಾರವೇ ಆಗಿರಲಿ, ತಾವೇ ಹಣ ಕೊಡಬೇಕು. ವಿಜಯಪುರದ ಹಳೆಯ ಮಾರ್ಗದ ಮಟ್ಟಿಗೆ ಅಂಥ 10 ವರ್ಷಗಳು 19ನೇ ಶತಮಾನದಲ್ಲೇ ತೀರಿಹೋದವು. ತಿಕೋಟಾದವರಿಗೆ ಆ ಗಡಿಯಾರ ಇನ್ನೂ ಓಡಲು ಶುರುವಾಗಿಲ್ಲ.

ಹೊಸ ಮಾರ್ಗಗಳಲ್ಲಿ ಗೇಟುಗಳನ್ನೇ ಇಡದೆ ಕೆಳಸೇತುವೆ ಮಾಡುವುದು ಈಗ ರೈಲ್ವೆಯ ಒಲವು, ಆದ್ದರಿಂದ ಮುಂದಿನ ಜಗಳ ಗೇಟಿನದಾಗದೆ ಕೆಳಸೇತುವೆಯದಾಗುವ ಸಂಭವವೇ ಹೆಚ್ಚು. ಹಳಿಯ ಕೆಳಗೆ ಕಾಂಕ್ರೀಟ್ ಪೆಟ್ಟಿಗೆ ತೂರಿಸಿ ಮಾಡುವ ಕಡಿಮೆ ಎತ್ತರದ ದಾರಿ ಕಾಗದದಲ್ಲಿ ಅಗ್ಗ. ಆದರೆ ಎರೆಭೂಮಿಯಲ್ಲಿ ಮಳೆನೀರು ಬೇಗ ಇಂಗುವುದಿಲ್ಲ, ತಗ್ಗಿನಲ್ಲಿ ಮೊಣಕಾಲುದ್ದ ನಿಲ್ಲುತ್ತದೆ. ತುಬಚಿ–ಬಬಲೇಶ್ವರ ಏತ ನೀರಾವರಿಯ ನೀರು ಹರಿದಲ್ಲೆಲ್ಲ ಕಬ್ಬು ಹೆಚ್ಚಿದಂತೆ ನಂದಿ ಸಹಕಾರಿ ಸಕ್ಕರೆ ಕಾರ್ಖಾನೆಯ ಕಡೆ ಹೊರಟ ಟ್ರ್ಯಾಕ್ಟರಿನ ಹೇರು ಅಂಥ ಪೆಟ್ಟಿಗೆಯ ಮೇಲ್ಛಾವಣಿಗೆ ತಾಗುತ್ತದೆ. ನೀರು ಹೊರಹೋಗುವ ಮೋರಿಯೂ ಕಬ್ಬಿನ ಹೇರಿನ ಎತ್ತರವೂ ನಕ್ಷೆಯಲ್ಲಿ ಇಲ್ಲದಿದ್ದರೆ ಒಂದು ಮಳೆಗಾಲದಲ್ಲೇ ಆ ದಾರಿ ಮುಚ್ಚುತ್ತದೆ, ತೆರೆಯಲು ಅಲ್ಲಿ ಗೇಟುಮನ್ನನೂ ಇರುವುದಿಲ್ಲ.

ಆಗಬೇಕಾದದ್ದು ಸ್ಪಷ್ಟವಿದೆ. ಟಿವಿಯು ಜೊತೆಗೆ ಪ್ರತಿ ಗೇಟೂ ದಿನಕ್ಕೆ ಒಟ್ಟು ಎಷ್ಟು ನಿಮಿಷ ಮುಚ್ಚಿತ್ತು, ಒಮ್ಮೆಗೆ ಅತಿ ಹೆಚ್ಚೆಂದರೆ ಎಷ್ಟು ಹೊತ್ತು ಮುಚ್ಚಿತ್ತು ಎಂಬ ಲೆಕ್ಕವೂ ಸೇತುವೆಯ ಅರ್ಹತೆಯನ್ನು ನಿರ್ಧರಿಸಬೇಕು. ನಡೆದು ಹೋಗುವವರನ್ನೂ ಎಣಿಸಬೇಕು. ರೈಲುಗಳ ಸಂಖ್ಯೆಯನ್ನು ತಾನೇ ಹೆಚ್ಚಿಸಿದ ಮಾರ್ಗದಲ್ಲಿ ಸೇತುವೆಯ ಪೂರ್ತಿ ವೆಚ್ಚ ರೈಲ್ವೆಯದಾಗಬೇಕು. ಗೇಟು ಮುಚ್ಚಿ ತೆರೆದ ಹೊತ್ತಿನ ದಾಖಲೆಯನ್ನು 2005ರ ಮಾಹಿತಿ ಹಕ್ಕು ಕಾಯಿದೆಯಡಿ ಯಾವ ನಾಗರಿಕನೂ ಕೇಳಬಹುದು. ವಿಜಯಪುರ ಮಹಾನಗರ ಪಾಲಿಕೆ ತನ್ನ ಸರಹದ್ದಿನ ಗೇಟುಗಳ ಒಂದು ವರ್ಷದ ದಾಖಲೆಯನ್ನು ಹುಬ್ಬಳ್ಳಿಯ ವಿಭಾಗೀಯ ಕಚೇರಿಯಿಂದ ತರಿಸಿ ಪ್ರಕಟಿಸಲಿ, ತಿಕೋಟಾ ಮತ್ತು ಬಬಲೇಶ್ವರದ ಪಂಚಾಯಿತಿಗಳು ಹೊಸ ಮಾರ್ಗದ ನಕ್ಷೆ ಅಂತಿಮವಾಗುವ ಮುನ್ನವೇ ತಮ್ಮ ರಸ್ತೆ, ಹೊಲದ ದಾರಿ, ಹಳ್ಳಗಳ ಪಟ್ಟಿಯನ್ನು ಠರಾವಿನೊಂದಿಗೆ ರೈಲ್ವೆಗೆ ಕಳುಹಿಸಲಿ.