ರಕ್ತನಾಳದ ಕಾವಲುಗಾರರು

೨೦೨೫ನೆಯ ಇಸವಿಯ ಮೇ, ಜೂನ್ ತಿಂಗಳುಗಳಲ್ಲಿ, ಸುಮಾರು ೪೦ ದಿವಸಗಳೊಳಗೆ, ನಮ್ಮ ಹಾಸನ ಜಿಲ್ಲೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಹೃದಯಾಘಾತದಿಂದ ಮಡಿದರೆಂಬ ವಾರ್ತೆಯನ್ನು ವಾಚಕರು ಮರೆತಿರಲಾರರು. ಅವರಲ್ಲಿ ತರುಣರೂ ಇದ್ದರು. ಭೀತರಾದ ಜನರು ಜಯದೇವ ಆಸ್ಪತ್ರೆಗಳಿಗೆ ಮುಗಿಬಿದ್ದರು. ಆ ಸಂಸ್ಥೆಯ ಅಂದಿನ ನಿರ್ದೇಶಕರಾದ ಡಾಕ್ಟರ್ ಕೆ. ಎಸ್. ರವೀಂದ್ರನಾಥರ ನೇತೃತ್ವದಲ್ಲಿ ಸರಕಾರವು ನೇಮಿಸಿದ ಸಮಿತಿಯು ಇದಾವ ಹೊಸ ಮಾರಿಯೂ ಅಲ್ಲವೆಂದೂ, ತಂಬಾಕು, ಮದ್ಯ, ಮಧುಮೇಹ, ರಕ್ತದ ಒತ್ತಡ, ಸ್ಥೂಲಕಾಯಗಳೆಂಬ ಪರಿಚಿತ ಶತ್ರುಗಳೇ ಇಲ್ಲಿ ಕಾಣುವುವೆಂದೂ ವರದಿಮಾಡಿತು. ಹಾಗಾದರೆ ವರ್ಷಗಟ್ಟಲೆ ಮೌನವಾಗಿದ್ದ ವ್ಯಾಧಿಯು ಒಂದು ದಿನ ಪ್ರಾಣವನ್ನೇ ಕೊಂಡೊಯ್ಯುವುದು ಹೇಗೆ?

ಕೊಲೆಸ್ಟರಾಲ್ ಸ್ವತಃ ವಿಷವಲ್ಲ. ಪ್ರತಿಯೊಂದು ಜೀವಕೋಶಕ್ಕೂ ಅದು ಬೇಕು. ಅದನ್ನು ಹೊತ್ತ ಎಲ್‌ಡಿಎಲ್ ಎಂಬ ಕಣಗಳು ರಕ್ತದಲ್ಲಿ ಅಧಿಕವಾದಾಗ ರಕ್ತನಾಳದ ಗೋಡೆಯೊಳಕ್ಕೆ ನುಸುಳಿ ಸಿಕ್ಕಿಕೊಳ್ಳುವುವು. ಹಳೆಯ ಎಣ್ಣೆಯು ಗಾಳಿ ತಾಗಿ ಕಮಟಾಗುವುದನ್ನು ಕಣಕಟ್ಟೆಯಂತಹ ತೆಂಗಿನ ಸೀಮೆಯವರಿಗೆ ಹೇಳಿಕೊಡಬೇಕಾದುದಿಲ್ಲ. ಸಿಕ್ಕಿಬಿದ್ದ ಕಣಗಳಿಗೂ ಅಂತಹುದೇ ವಿಕಾರವು ಒದಗುವುದು. ಇದಕ್ಕೆ ಉತ್ಕರ್ಷಣವೆಂದು ಹೆಸರು.

ಕೆಟ್ಟುದನ್ನು ನುಂಗಿ ನಾಶಮಾಡತಕ್ಕ ಕಾವಲುಗಾರರು ನಮ್ಮ ದೇಹದಲ್ಲಿರುವರು. ಅವರೇ ಮ್ಯಾಕ್ರೊಫೇಜ್ ಎಂಬ ಕೋಶಗಳು. ಸಾಮಾನ್ಯ ಕೋಶವು ತನಗೆ ಬೇಕಾದಷ್ಟು ಕೊಲೆಸ್ಟರಾಲನ್ನು ತೆಗೆದುಕೊಂಡು ಬಾಗಿಲನ್ನು ಮುಚ್ಚಿಕೊಳ್ಳುವುದು. ಇದನ್ನು ತೋರಿಸಿದ ಬ್ರೌನ್ ಮತ್ತು ಗೋಲ್ಡ್‌ಸ್ಟೈನ್ ಎಂಬ ವಿದ್ವಾಂಸರಿಗೆ ೧೯೮೫ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು. ಆದರೆ ಕಾವಲುಗಾರನ ವಿಷಯವು ಬೇರೆ. ಕೆಟ್ಟ ಕಣವು ಒಳಹೊಕ್ಕು ಅವನ ವಂಶವಾಹಿಗಳಿಗೇ ಆಜ್ಞೆ ಮಾಡಿ, ಅಂತಹುದೇ ಕಣಗಳನ್ನು ಬರಮಾಡಿಕೊಳ್ಳುವ ಬಾಗಿಲುಗಳನ್ನು ಹೆಚ್ಚಿಸುವುದೆಂದು ೧೯೯೮ರಲ್ಲಿ ಅಮೆರಿಕೆಯ ಸಂಶೋಧಕರು ಕಂಡರು. ತಿಂದಷ್ಟೂ ಹಸಿವು! ಕೊಬ್ಬನ್ನು ಹೊರದೂಡುವ ಏರ್ಪಾಡೂ ಅವನಲ್ಲಿರುವುದಾದರೂ, ಒಳಬರುವುದು ಮಿತಿಮೀರಿದಾಗ ಅದು ಸಾಲದಾಗುವುದು. ಕೊನೆಗೆ ಅವನು ನೊರೆಯಂತೆ ಉಬ್ಬಿ ಅಲ್ಲಿಯೇ ಸಾಯುವನು. ಹೀಗೆ ಬೆಳೆದ ಗಡ್ಡೆಯು ಒಡೆದು ರಕ್ತವು ಹೆಪ್ಪುಗಟ್ಟಿದರೆ ಅದೇ ಹೃದಯಾಘಾತ.

ಇನ್ನೊಂದು ಸಂಗತಿಯುಂಟು. ಇಂತಹ ಕಣಗಳ ಸಂಪರ್ಕವು ಒಂದು ದಿನವಾದರೂ ಸಾಕು, ರಕ್ತದ ಕಾವಲು ಕೋಶಗಳು ಹಲವು ದಿನಗಳ ಮೇಲೂ ಅತಿಯಾಗಿ ಕೆರಳುವುವೆಂದು ೨೦೧೪ರಲ್ಲಿ ಹಾಲೆಂಡಿನ ಸಂಶೋಧಕರು ಪ್ರಯೋಗಶಾಲೆಯಲ್ಲಿ ತೋರಿಸಿದರು. ವಂಶವಾಹಿಗಳ ಅಕ್ಷರವು ಬದಲಾಗುವುದಿಲ್ಲ. ತಾಳೆಗರಿಯ ಗ್ರಂಥವು ಅದೇ. ಕಟ್ಟಿಡಬೇಕಾದ ಗರಿಯು ಮಾತ್ರ ಬಿಚ್ಚಿಯೇ ಉಳಿಯುವುದು.

ಉತ್ಕರ್ಷಣವನ್ನು ತಡೆಯುವ ಗುಳಿಗೆಯನ್ನು ನುಂಗಿದರಾಯಿತೆಂದು ಕೆಲವರು ಎಣಿಸಬಹುದು. ವಿಟಮಿನ್ ‘ಇ’ಯಿಂದ ಹೃದಯಾಘಾತವು ಕಡಮೆಯಾಗಲಿಲ್ಲವೆಂದು ೨೦೦೦ದಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯೊಂದು ತಿಳಿಸಿತು. ಕಮಟಾದ ಮೇಲೆ ಶೋಧಿಸುವುದಕ್ಕಿಂತ, ಕಮಟಾಗುವ ಕಣಗಳನ್ನೇ ಕಡಮೆಮಾಡುವುದು ಜಾಣತನ.

ಆದುದರಿಂದ ಗೃಹಸ್ಥರು ಸುದ್ದಿ ಹಬ್ಬಿದ ವಾರದಲ್ಲಿ ಆಸ್ಪತ್ರೆಗೆ ಓಡಿ ಮರುವಾರ ಮರೆಯುವುದನ್ನು ಬಿಡತಕ್ಕದ್ದು. ಬೀಡಿ, ಸಿಗರೇಟುಗಳನ್ನು ತ್ಯಜಿಸಿ, ದಿನವೂ ನಡೆದು, ವೈದ್ಯರು ಹೇಳಿದ ಕಾಲಕ್ಕೆ ರಕ್ತದ ಒತ್ತಡ, ಸಕ್ಕರೆ, ಕೊಲೆಸ್ಟರಾಲ್‌ಗಳನ್ನು ಪರೀಕ್ಷಿಸಿಕೊಳ್ಳಲಿ. ತಂದೆಗೋ ಅಣ್ಣನಿಗೋ ಎಳೆಯ ವಯಸ್ಸಿನಲ್ಲಿ ಹೃದ್ರೋಗವು ಬಂದಿದ್ದರೆ ಅದನ್ನು ವೈದ್ಯರಿಗೆ ಮರೆಯದೆ ತಿಳಿಸಲಿ. ಅವರು ಕೊಟ್ಟ ಮಾತ್ರೆಯನ್ನು ನೆರೆಯವರ ಮಾತಿಗೆ ನಿಲ್ಲಿಸದಿರಲಿ. ಎದೆನೋವು ಬಂದಾಗ ವಾಯುವೆಂದು ಕಷಾಯ ಕಾಯಿಸುತ್ತ ಕೂರದೆ, ಒಡನೆ ರೋಗಿಯನ್ನು ಆಸ್ಪತ್ರೆಗೆ ಸಾಗಿಸುವುದು ಮನೆಯವರೆಲ್ಲರ ಕರ್ತವ್ಯವು.